ಬರೆದದ್ದನ್ನು ನಾಲ್ಕು ಜನರ ಮುಂದಿಡುವ ಧೈರ್ಯ ಎಲ್ಲಿಂದ ಬರುತ್ತದೆ?

ಸೊಪ್ಪಿನ ಲೆಕ್ಕ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಈ ಚರ್ಚಾ ತಾಣದಲ್ಲಿ ಬಹಳ ದಿನದಿಂದ ಸುಮ್ನೆ ಓದುತ್ತಿದ್ದವಳು. ಇವತ್ತು ಕೇಳಿಯೇ ಬಿಡೋಣ ಅನಿಸಿತು.

ನಮ್ಮದು ರೇಷ್ಮೆ ಸಾಕುವ ಮನೆ. ನಾನು ಓದಿದ್ದು ಪಿಯುಸಿ ತನಕ. ಹುಳ ಸಾಕುವವರ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇದ್ದೇ ಇರುತ್ತದೆ. ಎಷ್ಟು ಮೊಟ್ಟೆಯ ಚಾಕಿ (ಮರಿಹುಳ) ತಂದೆವು, ಯಾವತ್ತು ಜ್ವರಕ್ಕೆ ಕೂತವು (ಹುಳ ಪೊರೆ ಬಿಡಲು ಸೊಪ್ಪು ತಿನ್ನದೇ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ), ಸೊಪ್ಪು ಎಷ್ಟಕ್ಕೆ ಕೊಂಡೆವು, ಗೂಡು ಕೆಜಿಗೆ ಎಷ್ಟಕ್ಕೆ ಹೋಯಿತು. ನನ್ನ ಪುಸ್ತಕದಲ್ಲಿ ಆ ಲೆಕ್ಕದ ಪಕ್ಕದಲ್ಲಿ ಬೇರೆ ಮಾತುಗಳೂ ಸೇರಿಕೊಂಡಿವೆ. ಯಾರು ಬಂದರು, ಏನು ಅಂದರು, ಯಾರಿಗೆ ಯಾಕೆ ಕೋಪ ಬಂತು ಅಂತ. ವರ್ಷಗಳಿಂದ ಹೀಗೇ ನಡೆದಿದೆ.

ಇದನ್ನು ಬೇರೆಯವರು ಓದುವ ಹಾಗೆ ಬರೆಯಬೇಕು ಅಂತ ಆಸೆ. ಆದರೆ ಕೈ ಓಡುವುದಿಲ್ಲ. ಒಂದು, ನಮ್ಮ ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಪುಸ್ತಕದಲ್ಲಿ ಇರುವಂಥ ಕನ್ನಡ ನನ್ನದಲ್ಲ. ಎರಡು, ನಾನು ಬರೆಯುವುದೆಲ್ಲ ನಮ್ಮ ಊರಿನವರ ಬಗ್ಗೆ, ನಮ್ಮ ನೆಂಟರ ಬಗ್ಗೆ. ಅವರ ಕಣ್ಣಿಗೆ ಬಿದ್ದರೆ? ಮೂರು, ನಮ್ಮ ಯಜಮಾನರು ಒಳ್ಳೆಯವರೇ. ಆದರೆ ಒಂದು ಸಲ ಓದಿ ತೋರಿಸಿದಾಗ "ಚೆನ್ನಾಗೈತೆ, ಆದ್ರೆ ಇದನ್ನ ಯಾರು ಓದ್ತಾರೆ?" ಅಂದರು. ಅವರು ಅಂದಿದ್ದು ತಮಾಷೆಗೆ. ನನಗೆ ಮಾತ್ರ ಅದು ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ನೀವೆಲ್ಲ ಹೇಗೆ ಶುರು ಮಾಡಿದಿರಿ? "ಬರಿ" ಅಂತ ನಿಮಗೆ ಯಾರು ಹೇಳಿದರು?

ಮುಳಬಾಗಿಲು ದೋಸೆ

ಅಕ್ಕಾ, ನನಗೆ ಯಾರೂ ಹೇಳಲಿಲ್ಲ, ಅದಕ್ಕೇ ಇನ್ನೂ ಬರೆದಿಲ್ಲ. 😀

ಒಂದು ಮಾತು ಮಾತ್ರ ಹೇಳುತ್ತೇನೆ. ತೆಲುಗು ಸೇರಿದ ಕನ್ನಡ ಅಂತ ಹಿಂಜರಿಯಬೇಡಿ. ನಮ್ಮ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಆ ಕಡೆ ಪಾವಗಡ, ಎಲ್ಲ ಕಡೆ ಎಷ್ಟೋ ಮನೆಗಳ ಕತೆ ಇದೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಕೈವಾರದ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ಎರಡೂ ಭಾಷೆಯಲ್ಲಿ ಹಾಡು ಕಟ್ಟಿದರು. ಇವತ್ತಿಗೂ ಜನ ಎರಡನ್ನೂ ಹಾಡುತ್ತಾರೆ.

ಪಾವಗಡ ಬಿಸಿಲು

ಸ್ವಲ್ಪ ಕಟುವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಬರೆಯುವವರಿಗೆ ಪ್ರೋತ್ಸಾಹ ಯಾಕೆ ಬೇಕು? ಬರೆಯಬೇಕು ಅನಿಸಿದವರು ಬರೆಯುತ್ತಾರೆ. ಅನಿಸದವರಿಗೆ ಊರೆಲ್ಲ ಸೇರಿ ಚಪ್ಪಾಳೆ ತಟ್ಟಿದರೂ ಬರೆಯಲು ಆಗುವುದಿಲ್ಲ. ಈಗ ಎಲ್ಲಿ ನೋಡಿದರೂ ಪ್ರೋತ್ಸಾಹ ಜಾಸ್ತಿ, ಓದು ಕಡಿಮೆ. ಒಂದು ಕವನ ಹಾಕಿದರೆ ಐವತ್ತು ಜನ "ಸೂಪರ್ ಸಾರ್" ಅನ್ನುತ್ತಾರೆ. ಅದರಲ್ಲಿ ಓದಿದವರು ಎಷ್ಟು ಜನ? ಕೊನೆಯ ಸಾಲು ಏನಿತ್ತು ಅಂತ ಕೇಳಿ ನೋಡಿ.

ಗೋಡೆಪತ್ರಿಕೆ (ತುಮಕೂರು)

ಪಾವಗಡದವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. "ಸೂಪರ್" ಅನ್ನುವುದು ಪ್ರೋತ್ಸಾಹ ಅಲ್ಲ, ನಿಜ. ಆದರೆ ಪ್ರೋತ್ಸಾಹವೇ ಬೇಡ ಅನ್ನುವುದನ್ನು ಒಪ್ಪಲಾರೆ.

ನಾನು ಗುಬ್ಬಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ಶಾಲೆಯ ವರಾಂಡದಲ್ಲಿ ಗೋಡೆಪತ್ರಿಕೆ ನಡೆಸುತ್ತಿದ್ದೆ. ಖರ್ಚು ಏನೂ ಇಲ್ಲ. ಒಂದು ಹಳೆಯ ಬೋರ್ಡು, ನಾಲ್ಕು ಡ್ರಾಯಿಂಗ್ ಪಿನ್ನು, ಮಕ್ಕಳು ಬರೆದ ಹಾಳೆ. ತಿಂಗಳಿಗೊಮ್ಮೆ ಬದಲಾಯಿಸುವುದು.

ಮೊದಮೊದಲು ನಾನು ಏನು ಮಾಡುತ್ತಿದ್ದೆ ಗೊತ್ತೇ? ಪ್ರತಿ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ "ಉತ್ತಮ", "ಅತ್ಯುತ್ತಮ" ಅಂತ ಬರೆದು ಸಹಿ ಹಾಕುತ್ತಿದ್ದೆ. ಮಕ್ಕಳು ಅದನ್ನು ನೋಡಿ ಖುಷಿಪಡುತ್ತಿದ್ದರು. ಮುಂದಿನ ತಿಂಗಳು ಅದೇ ಥರದ್ದೇ ಇನ್ನೊಂದು ಬರೆದು ತರುತ್ತಿದ್ದರು. ಮಳೆಗಾಲ, ತಾಯಿ, ಸ್ವಾತಂತ್ರ್ಯ ದಿನ, ಇವಿಷ್ಟೇ ವಿಷಯ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಮಾತು ಕಡಿಮೆ, ತಮ್ಮ ತೋಟದಲ್ಲಿ ಕೊಳವೆಬಾವಿ ಕೊರೆದಾಗ ನೀರು ಬರದೇ ಹೋದ ಕತೆ ಬರೆದ. ಲಾರಿಯವರಿಗೆ ಅಡುಗೆ ಮಾಡಿ ಹಾಕಿದ್ದು, ಪಾಯಿಂಟ್ ನೋಡಿದವರು ಬೆಳಗಾಗುವ ಮೊದಲೇ ಜಾಗ ಖಾಲಿ ಮಾಡಿದ್ದು, ಅಪ್ಪ ಆ ಧೂಳನ್ನು ಮುಷ್ಟಿಯಲ್ಲಿ ಹಿಡಿದು ಇಷ್ಟು ಒಣಗಿದ್ದರೂ ಮೆತ್ತಗಿದೆ ಅಂದಿದ್ದು. ಬೋರ್ಡಿಗೆ ಹಾಕಿದೆ. ಆವತ್ತು ಮಧ್ಯಾಹ್ನ ಅವನು ಕಂಬದ ಹಿಂದೆ ನಿಂತಿದ್ದ. ಓದುವವರ ಮುಖ ನೋಡುತ್ತಿದ್ದ. ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ. ಸಂಜೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಅವನನ್ನು ಕೇಳಿದಳು: "ಅಣ್ಣಾ, ಲಾರಿ ಬಾಡಿಗೆ ಆಮೇಲೆ ಹೆಂಗೆ ಕಟ್ಟಿದ್ರಿ?" ಅವನು ರಾತ್ರಿ ಕೂತು ಎರಡನೇ ಕಂತು ಬರೆದುಕೊಂಡು ಬಂದ. ನಾನು ಕೇಳಿರಲೇ ಇಲ್ಲ.

ಆಮೇಲೆ ನಾನು ಕೆಂಪು ಶಾಯಿ ಬಿಟ್ಟೆ. ಬೋರ್ಡಿನ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿದೆ. ಓದಿದವರು ಪ್ರಶ್ನೆ ಮಾತ್ರ ಬರೆಯಬೇಕು, ಹೊಗಳಿಕೆ ಬರೆಯುವ ಹಾಗಿಲ್ಲ. ಅಲ್ಲಿಂದ ಮುಂದೆ ಪತ್ರಿಕೆ ಬೇರೆಯೇ ಆಯಿತು. ಮಳೆಗಾಲದ ಪ್ರಬಂಧ ತನ್ನಷ್ಟಕ್ಕೆ ನಿಂತುಹೋಯಿತು. ಅದನ್ನು ಓದಿ ಏನಂತ ಕೇಳುತ್ತಾರೆ?

ತಿಪಟೂರು ಕಾಯಿ

ಮೇಷ್ಟ್ರೇ, ಹೊಗಳಿಕೆಗೂ ಒಂದು ಬೆಲೆ ಇದೆ. ನಮ್ಮ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ವಾಟ್ಸಾಪಿನಲ್ಲಿ ಒಂದು ಸಾಹಿತ್ಯ ಬಳಗ. ದಿನಕ್ಕೊಂದು ವಿಷಯ ಕೊಡುತ್ತಾರೆ. ಕವನ ಬರೆದು ಕಳಿಸಿದರೆ ಬಣ್ಣಬಣ್ಣದ ಅಭಿನಂದನಾ ಪತ್ರ ಬರುತ್ತದೆ, ಫೋಟೋ ಸಮೇತ. ಚಿಕ್ಕಮ್ಮ ಅದನ್ನು ಸ್ಟೇಟಸ್ಸಿಗೆ ಹಾಕುತ್ತಾರೆ. ನೀವೆಲ್ಲ ನಗಬಹುದು. ಆದರೆ ಕೊಬ್ಬರಿ ಸುಲಿಸುವುದು, ಮನೆ, ದೇವಸ್ಥಾನ ಇಷ್ಟರಲ್ಲೇ ಇದ್ದ ಹೆಂಗಸು ಈಗ ದಿನಾ ಸಂಜೆ ಒಂದು ಗಂಟೆ "ನನಗೆ ಬರೆಯೋದಿದೆ" ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಒಂದು ಗಂಟೆ ಅವರಿಗೆ ಈ ಜನ್ಮದಲ್ಲಿ ಮೊದಲು ಯಾರು ಕೊಟ್ಟಿದ್ದರು?

ಪಾವಗಡ ಬಿಸಿಲು

ಒಂದು ಗಂಟೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಎಲ್ಲರಿಗೂ ಪ್ರಶಸ್ತಿ ಪತ್ರ ಬರುವ ಕಡೆ ಅವರು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ತಿಪಟೂರು ಕಾಯಿ

ಗೊತ್ತಾಗುವುದಿಲ್ಲ. ಗೊತ್ತಾಗಲೇಬೇಕು ಅಂತ ಅವರು ಕೇಳಿಲ್ಲವಲ್ಲ.

ಜಿಲ್ಲಾ ಪುಟ (ಕೋಲಾರ)

ಈ ಬಳಗಗಳ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಅಭಿನಂದನಾ ಪತ್ರ ಪುಕ್ಕಟೆ ಆದರೆ ತೊಂದರೆ ಇಲ್ಲ. "ನಿಮ್ಮ ಕವನ ಸಂಕಲನಕ್ಕೆ ಆಯ್ಕೆಯಾಗಿದೆ, ಇಷ್ಟು ದುಡ್ಡು ಕಳಿಸಿ, ಇಷ್ಟು ಪ್ರತಿ ಕೊಳ್ಳಿ, ವೇದಿಕೆಯಲ್ಲಿ ಸನ್ಮಾನ ಮಾಡುತ್ತೇವೆ" ಅಂತ ಬಂದರೆ ಮಾತ್ರ ಹುಷಾರು. ಆ ಸಂಕಲನ ಅಂಗಡಿಗೆ ಬರುವುದಿಲ್ಲ. ಓದುವವರೂ ಅದರಲ್ಲಿ ಬರೆದವರೇ. ಕೊಟ್ಟ ದುಡ್ಡಿಗೆ ಶಾಲು, ಹಾರ ಸಿಗುತ್ತದೆ, ಅಷ್ಟೇ.

ನಾನು ಕೆಲವು ವರ್ಷ ಒಂದು ಪತ್ರಿಕೆಯ ಜಿಲ್ಲಾ ಪುಟ ನೋಡಿಕೊಂಡಿದ್ದೆ. ಶಿಡ್ಲಘಟ್ಟದ ಅಕ್ಕನವರಿಗೆ ನನ್ನ ಸಲಹೆ ಬೇರೆ. ನೇರವಾಗಿ ದೊಡ್ಡದು ಬರೆಯಬೇಡಿ. ಮೊದಲು ಸಂಪಾದಕರಿಗೆ ಒಂದು ಪತ್ರ ಬರೆಯಿರಿ. ಪ್ರಜಾವಾಣಿಯಲ್ಲಿ "ವಾಚಕರ ವಾಣಿ" ಇದೆ, ಬೇರೆ ಪತ್ರಿಕೆಗಳಲ್ಲೂ ಇಂಥ ಜಾಗ ಇವೆ. ನಿಮ್ಮ ಊರಿನ ಬಸ್ಸಿನ ಬಗ್ಗೆಯೋ, ಗೂಡಿನ ಮಾರುಕಟ್ಟೆಯಲ್ಲಿ ಹೆಂಗಸರಿಗೆ ಕೂರುವ ಜಾಗ, ಶೌಚಾಲಯದ ಬಗ್ಗೆಯೋ ಬರೆಯಿರಿ. ನೂರು ಪದ ಸಾಕು. ಒಂದೇ ವಿಷಯ ಇರಲಿ. ಮೊದಲ ಸಾಲಿನಲ್ಲೇ ವಿಷಯ ಬರಲಿ. ಕೆಳಗೆ ಹೆಸರು, ಊರು, ಫೋನ್ ನಂಬರ್ ಹಾಕಿ. ನಂಬರ್ ಅಚ್ಚಾಗುವುದಿಲ್ಲ, ಬರೆದವರು ನಿಜವಾಗಿ ಇದ್ದಾರೋ ಅಂತ ಕೇಳಲು ಅದು ಬೇಕು.

ಯಾಕೆ ಪತ್ರದಿಂದ ಶುರು ಮಾಡಬೇಕು ಅಂದರೆ, ಅಲ್ಲಿ ನಿಮ್ಮನ್ನು ಸಾಹಿತಿ ಅಂತ ಯಾರೂ ನೋಡುವುದಿಲ್ಲ. ವಿಷಯ ಗೊತ್ತಿರುವವರು ಅಂತ ನೋಡುತ್ತಾರೆ. ಅಚ್ಚಾದ ಮೇಲೆ ಅಂಗಡಿಯವರೋ ಕಂಡಕ್ಟರೋ "ನಿಮ್ದೇನಾ ಅದು?" ಅನ್ನುತ್ತಾರೆ. ಅಲ್ಲಿಗೆ ಅರ್ಧ ಹೆದರಿಕೆ ಹೋಗುತ್ತದೆ.

ಬಂಗಾರಪೇಟೆ ಪ್ಯಾಸೆಂಜರ್

ಪತ್ರವೂ ಬರೆಯಲಾರದವರು ಇರುತ್ತಾರೆ, ಅವರ ಬಗ್ಗೆಯೂ ಒಂದು ಮಾತು. ನಮ್ಮ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಅಂತ ಇತ್ತು, ಕೇಳಿದ್ದೀರಾ? ಎರಡು ಸಾವಿರದ ಆಸುಪಾಸಿನ ಮಾತು. ಆಗ ಹಳ್ಳಿಯವರು ತಾವೇ ರೇಡಿಯೋ ನಡೆಸಲು ಸರ್ಕಾರದ ಪರವಾನಗಿ ಸಿಗುತ್ತಿರಲಿಲ್ಲ. ಸಂಸ್ಥೆಗಳಿಗೆ ಅದು ತೆರೆದುಕೊಂಡಿದ್ದು 2006ರಲ್ಲಿ. ಅದಕ್ಕೆ ಇವರು ಟಿವಿಯ ಕೇಬಲ್ ತಂತಿಯಲ್ಲೇ ಕಾರ್ಯಕ್ರಮ ಹರಿಸಿದರು. ಸ್ವಸಹಾಯ ಸಂಘದ ಹೆಂಗಸರೇ ಮೈಕು ಹಿಡಿದು ಮಾತಾಡುತ್ತಿದ್ದರು. ನಮ್ಮ ಸೋದರತ್ತೆಗೆ ಓದು ಬರಹ ಅಷ್ಟಕ್ಕಷ್ಟೇ. ಬಾಣಂತಿಗೆ ಕೊಡುವ ಊಟದ ಬಗ್ಗೆ ಮಾತಾಡಿದರು. ಮಾರನೇ ದಿನ ನಲ್ಲಿಯ ಹತ್ತಿರ ಹೆಂಗಸರು ಸುತ್ತಿಕೊಂಡು ಜಗಳಕ್ಕೇ ನಿಂತರು, ಬೆಳ್ಳುಳ್ಳಿ ಅಷ್ಟು ಹಾಕಬಾರದು ಅಂತ. ಅತ್ತೆಗೆ ಹಬ್ಬವೋ ಹಬ್ಬ.

ಅಕ್ಕಾ, ನೀವೂ ಮೊದಲು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಆಮೇಲೆ ಕೇಳಿಕೊಂಡು ಬರೆಯಿರಿ. ಬಾಯಲ್ಲಿ ಬರುವ ಸಾಲು ಪೆನ್ನಿನಲ್ಲಿ ಬರುವುದಿಲ್ಲ.

ಮುಳಬಾಗಿಲು ದೋಸೆ

ಧ್ವನಿ ಟೈಪಿಂಗ್ ಕೂಡ ಇದೆಯಲ್ಲ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಪೂರ್ಣವಿರಾಮ ನೀವೇ ಹಾಕಬೇಕು. ನಮ್ಮ ಕಡೆಯ ಮಾತು ಕೆಲವು ಅದಕ್ಕೆ ತಿಳಿಯುವುದಿಲ್ಲ, ತಿದ್ದಿಕೊಳ್ಳಿ.

ಸೊಪ್ಪಿನ ಲೆಕ್ಕ

ಇಷ್ಟು ಜನ ಉತ್ತರ ಕೊಡುತ್ತೀರಿ ಅಂದುಕೊಂಡಿರಲಿಲ್ಲ. ಮೇಷ್ಟ್ರ ಕೊಳವೆಬಾವಿಯ ಹುಡುಗನ ವಿಷಯ ಓದಿ ಧೈರ್ಯ ಬಂತು. ಒಂದು ತುಣುಕು ಹಾಕುತ್ತಿದ್ದೇನೆ. ಹೊಗಳಬೇಡಿ, ಮೇಷ್ಟ್ರು ಹೇಳಿದ ಹಾಗೆ ಕೇಳಿ.

"ಹಚ್ಚಹಸಿರಿನ ಸಿರಿಯನ್ನು ಹೊದ್ದ ಪ್ರಕೃತಿ ಮಾತೆಯ ಮಡಿಲಲ್ಲಿ ಅನ್ನದಾತನಾದ ರೈತನು ಹಗಲಿರುಳೆನ್ನದೆ ಬೆವರು ಸುರಿಸುತ್ತಿರುವನು. ಅಂತಹ ಒಂದು ಕುಟುಂಬದ ಕುಡಿ ನಾನು. ಯುಗಾದಿಯ ಮಾರನೇ ದಿನ ನಮ್ಮ ಯಜಮಾನರ ಸೋದರಮಾವ ಬೆಂಗಳೂರಿನಿಂದ ಬಂದರು. ಬಂದವರೇ ಹುಳದ ಮನೆ ನೋಡಬೇಕು ಅಂದರು. ಹೊಸ ಬಟ್ಟೆ, ಮೈ ತುಂಬ ಸೆಂಟು. ನಾಲ್ಕನೇ ಜ್ವರ ಎದ್ದು ಎರಡು ದಿನ ಆಗಿತ್ತು. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ ಇಟ್ಟಿದ್ದೆ. ನಾನು ಬಾಗಿಲಿಗೆ ಅಡ್ಡ ನಿಂತು, ಸ್ನಾನ ಮಾಡಿ ಬಟ್ಟೆ ಬದಲಾಯಿಸಿಕೊಂಡು ಬನ್ನಿ ಮಾವಾ ಅಂದೆ. ಅವರು ಒಬ್ಬಟ್ಟಿನ ಎಲೆಯ ಮುಂದೆ ಕೂರದೇ ಹೊರಟುಬಿಟ್ಟರು. ನಮ್ಮತ್ತೆ ಆವತ್ತೆಲ್ಲ ನನ್ನ ಹತ್ತಿರ ಮಾತಾಡಲಿಲ್ಲ. ರಾತ್ರಿ ಸೊಪ್ಪು ಹಾಕುವಾಗ ಬಂದರು. ಕಾಲು ಅದ್ದಿಕೊಂಡು ಒಳಗೆ ಬಂದು ಸೊಪ್ಪಿನ ಕಡ್ಡಿ ಎತ್ತಿ ಕೊಡುತ್ತಾ ನಿಂತರು. ಆಗಲೂ ಮಾತಿಲ್ಲ."

ಬಂಗಾರಪೇಟೆ ಪ್ಯಾಸೆಂಜರ್

ಸೆಂಟು ಹಾಕಿಕೊಂಡು ಹೋದರೆ ಹುಳಕ್ಕೆ ಏನಾಗುತ್ತದೆ?

ಪಾವಗಡ ಬಿಸಿಲು

ಯಜಮಾನರು ಎಲ್ಲಿದ್ದರು? ಅವರ ಸೋದರಮಾವ ಕೋಪ ಮಾಡಿಕೊಂಡು ಹೋಗುತ್ತಿದ್ದರೆ ಅವರು ಏನು ಮಾಡುತ್ತಿದ್ದರು?

ಮುಳಬಾಗಿಲು ದೋಸೆ

ಒಬ್ಬಟ್ಟು ಏನಾಯಿತು?

ಗೋಡೆಪತ್ರಿಕೆ

ನಾನು ಪ್ರಶ್ನೆ ಕೇಳುವುದಕ್ಕೆ ಮೊದಲು ಒಂದು ಕೆಲಸ ಹೇಳುತ್ತೇನಮ್ಮಾ. ಮೊದಲ ಎರಡು ವಾಕ್ಯ ಹೊಡೆದುಹಾಕಿ. ಪ್ರಕೃತಿ ಮಾತೆ, ಅನ್ನದಾತ, ಕುಟುಂಬದ ಕುಡಿ, ಇವು ನಿಮ್ಮ ಮಾತಲ್ಲ. ಪ್ರಬಂಧದಲ್ಲಿ ಅಂಕ ಬರಲಿ ಅಂತ ನಾವು ಮೇಷ್ಟ್ರುಗಳು ನಿಮಗೆ ಕಲಿಸಿದ ಮಾತು. ಯುಗಾದಿಯ ಮಾರನೇ ದಿನ ಅಂತ ಶುರುವಾಗುವ ಕಡೆ ನಿಮ್ಮ ಬರಹ ಶುರುವಾಗುತ್ತದೆ. ಅಲ್ಲಿಂದ ಕೊನೆಯ ತನಕ ಒಂದು ಪದವೂ ಜಾಸ್ತಿ ಇಲ್ಲ.

ಹೊಸದಾಗಿ ಬರೆಯುವವರು ಬಹಳ ಜನ ಹೀಗೇ ಮಾಡುತ್ತಾರೆ. ಓದುವವರು ಇದ್ದಾರೆ ಅಂದ ಕೂಡಲೇ ಮೊದಲ ಪ್ಯಾರಾಕ್ಕೆ ಹಬ್ಬದ ಬಟ್ಟೆ ತೊಡಿಸಿಬಿಡುತ್ತಾರೆ. ಅದಕ್ಕೇ ನಾನು ಹುಡುಗರಿಗೆ ಹೇಳುತ್ತಿದ್ದೆ: ಬರೆದ ಮೇಲೆ ಮೊದಲ ಪ್ಯಾರಾ ಮುಚ್ಚಿಕೊಂಡು ಎರಡನೆಯದರಿಂದ ಓದಿ ನೋಡಿ. ಏನೂ ಕಡಿಮೆಯಾಗಿಲ್ಲ ಅನಿಸಿದರೆ ಮೊದಲನೆಯದು ಬೇಡವೇ ಬೇಡ.

ಈಗ ಪ್ರಶ್ನೆ. ಅತ್ತೆ ಆ ರಾತ್ರಿ ಬಂದು ನಿಂತರಲ್ಲ, ಅದಕ್ಕೆ ಮುಂಚೆ ಅವರು ಸೊಪ್ಪು ಹಾಕಲು ಬರುತ್ತಿದ್ದರೇ?

ಸೊಪ್ಪಿನ ಲೆಕ್ಕ

ಒಂದೊಂದಾಗಿ ಹೇಳುತ್ತೇನೆ.

ಹುಳಕ್ಕೆ ವಾಸನೆ ಆಗಿಬರುವುದಿಲ್ಲ ಅಂತ ನಮ್ಮಲ್ಲಿ ಸೆಂಟು, ಊದುಬತ್ತಿ, ಬೀಡಿ ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಸೊಳ್ಳೆ ಬತ್ತಿಯಂತೂ ಬೇಡವೇ ಬೇಡ. ಪಕ್ಕದ ತೋಟಕ್ಕೆ ಔಷಧಿ ಹೊಡೆದ ಗಾಳಿ ಸೊಪ್ಪಿನ ಮೇಲೆ ಕೂತರೂ ಮುಗಿಯಿತು. ಹುಳ ರಸ ಕಕ್ಕಿಕೊಂಡು ತಲೆ ಅಲ್ಲಾಡಿಸಿ ಸಾಯುತ್ತದೆ. ಅದರ ಮೇಲೆ ಹೊರಗಿನವರ ಕಾಲಿನಲ್ಲಿ ರೋಗ ಬರುವ ಭಯ. ನಾಲ್ಕನೇ ಜ್ವರ ಎದ್ದ ಮೇಲೆ ವಾರದಲ್ಲಿ ಹಣ್ಣಾಗಿ ಗೂಡು ಕಟ್ಟುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆ ವಾರದಲ್ಲೇ ತಿನ್ನುತ್ತದೆ. ಸಾಲ ಮಾಡಿ ಸೊಪ್ಪು ಕೊಂಡಿರುತ್ತೇವೆ. ಆ ವಾರ ಹಾಳಾದರೆ ಹಾಕಿದ್ದೆಲ್ಲ ಹೋದ ಹಾಗೆ.

ಯಜಮಾನರು ಸೊಪ್ಪು ತರಲು ಹೋಗಿದ್ದರು. ವಾಪಸ್ ಬರುವಾಗ ದಾರಿಯಲ್ಲೇ ಮಾವ ಎದುರು ಸಿಕ್ಕಿದ್ದಾರೆ. ಏನು ಮಾತಾಡಿಕೊಂಡರೋ ಇವತ್ತಿಗೂ ನನಗೆ ಹೇಳಿಲ್ಲ.

ಒಬ್ಬಟ್ಟು ಮಕ್ಕಳು ತಿಂದರು.

ಮೇಷ್ಟ್ರೇ, ಅತ್ತೆ ಬರುತ್ತಿರಲಿಲ್ಲ. ಅವರಿಗೆ ಮಂಡಿ ನೋವು. ಅವರು ಸೊಪ್ಪು ಹಾಕುವುದು ಬಿಟ್ಟು ಆಗಲೇ ಬಹಳ ಕಾಲ ಆಗಿತ್ತು. ಇದನ್ನು ನೀವು ಕೇಳುವ ತನಕ ನಾನು ಬರೆಯಬೇಕು ಅಂತಲೇ ಅಂದುಕೊಂಡಿರಲಿಲ್ಲ.

ಪಾವಗಡ ಬಿಸಿಲು

ನೋಡಿ, ಈಗ ಕತೆ ಬಂತು.

ಮೊದಲು ಹೇಳಿದ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಆದರೆ ಇಲ್ಲಿ ನಡೆದದ್ದನ್ನು ಪ್ರೋತ್ಸಾಹ ಅಂತ ಕರೆಯುವುದಾದರೆ ನನಗೆ ತಕರಾರಿಲ್ಲ. ನಮ್ಮ ಕಡೆ ತಿರುಮಣಿಯ ಸೋಲಾರ್ ಪಾರ್ಕ್ ಬಗ್ಗೆ ಎಲ್ಲರೂ ಬರೆದರು. 2050 ಮೆಗಾವಾಟ್, ಸುಮಾರು 13,000 ಎಕರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಎಲ್ಲ ಲೆಕ್ಕವೂ ಪೇಪರಿನಲ್ಲಿ ಬಂತು. ಕಡಲೆಕಾಯಿ ಬಿತ್ತುತ್ತಿದ್ದವನು ಈಗ ಬೆಳಗ್ಗೆ ಎದ್ದು ಏನು ಮಾಡುತ್ತಾನೆ ಅಂತ ಅಲ್ಲಿಯವರು ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಜಮೀನು ಇಲ್ಲದ, ಕೂಲಿಗೆ ಹೋಗುತ್ತಿದ್ದವರಿಗಂತೂ ಗುತ್ತಿಗೆ ದುಡ್ಡೂ ಬರುವುದಿಲ್ಲ. ಅವರನ್ನು ಯಾರೂ ಕೇಳಿಲ್ಲ, ಅದಕ್ಕೆ ಅವರು ಹೇಳಿಲ್ಲ. ಇಷ್ಟು ಬರೆಯುವಾಗ ನನ್ನ ವಾದಕ್ಕೆ ನಾನೇ ಅಡ್ಡ ಬಂದೆ ಅನಿಸುತ್ತಿದೆ, ಇರಲಿ.

ಅಂತರಗಂಗೆ

ತಡವಾಗಿ ಬಂದೆ. ಓದಿ ತೋರಿಸಲು ಜಾಗ ಬೇಕಾದರೆ ನಮ್ಮ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರ ಇದೆ. ಹುಣ್ಣಿಮೆಯ ರಾತ್ರಿ ಅಲ್ಲಿ "ಹುಣ್ಣಿಮೆ ಹಾಡು" ನಡೆಸಿಕೊಂಡು ಬಂದಿದ್ದಾರೆ. ಹಾಡು, ನಾಟಕ, ಮಾತು ಎಲ್ಲ ಇರುತ್ತದೆ. ಜನ ನೆಲದ ಮೇಲೆ ಕೂರುತ್ತಾರೆ. ಮೊದಲು ಒಂದೆರಡು ಸಲ ಸುಮ್ನೆ ಹೋಗಿ ಕೂತು ಕೇಳಿ. ಜನರ ಮುಂದೆ ನಿಲ್ಲುವುದು ಹೇಗೆ ಅಂತ ಬೇರೆಯವರನ್ನು ನೋಡಿಯೇ ಗೊತ್ತಾಗುತ್ತದೆ.

ಕವಿಗೋಷ್ಠಿ ಮಾತ್ರ ಮೊದಲಿಗೇ ಬೇಡ ಅಂತ ನನ್ನ ಅಭಿಪ್ರಾಯ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಸಮ್ಮೇಳನಗಳಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಗೋಷ್ಠಿ ಇಡುತ್ತಾರೆ. ಮೂವತ್ತು ಜನ ಕವಿಗಳು ವೇದಿಕೆ ಮೇಲೆ, ಹನ್ನೆರಡು ಜನ ಕೆಳಗೆ. ಆ ಹನ್ನೆರಡರಲ್ಲಿ ಎಂಟು ಜನ ಕವಿಗಳ ಮನೆಯವರು. ಓದಿದವರು ಇಳಿದು ಬಸ್ಸಿಗೆ ಹೋಗುತ್ತಾರೆ. ಕೊನೆಯವರು ಶಾಮಿಯಾನದವರ ಮುಂದೆ ಓದಬೇಕು.

ತಿಪಟೂರು ಕಾಯಿ

ಅಂಥ ಗೋಷ್ಠಿಯಲ್ಲಿ ನಾನು ಕೊನೆಯವನಾಗಿ ಓದಿದ್ದೇನೆ. ಶಾಮಿಯಾನದವನು ಚೆನ್ನಾಗಿ ಕೇಳಿದ ಸ್ವಾಮಿ. ಕೊನೆಯಲ್ಲಿ "ಇದು ನಮ್ಮೂರಿನ ಕೆರೆ ಥರಾನೇ ಐತಲ್ಲ" ಅಂದ.

ಸೊಪ್ಪಿನ ಲೆಕ್ಕ

ನನ್ನ ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಇದು ಅಚ್ಚಾದರೆ ಮಾವನವರು ಓದುತ್ತಾರೆ. ಓದದಿದ್ದರೂ ಓದಿದವರು ಹೇಳುತ್ತಾರೆ. ನನ್ನ ಹೆಸರು ಹಾಕದೇ ಬರೆಯಬಹುದಾ? ಹಾಗೆ ಬರೆಯುವುದು ಹೇಡಿತನ ಆಗುತ್ತದಾ?

ಜಿಲ್ಲಾ ಪುಟ

ಹೇಡಿತನ ಏನೂ ಅಲ್ಲ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೇ ನೋಡಿ. ಮೈಸೂರು ಸರ್ಕಾರದ ದೊಡ್ಡ ಅಧಿಕಾರಿ. ಕತೆ ಬರೆದದ್ದು "ಶ್ರೀನಿವಾಸ" ಅನ್ನುವ ಹೆಸರಿನಲ್ಲಿ. ಬರೆದವರು ಯಾರು ಅಂತ ಎಲ್ಲರಿಗೂ ಗೊತ್ತಾದ ಮೇಲೂ ಆ ಹೆಸರು ಬಿಡಲಿಲ್ಲ. ಅವರ ಮನೆಮಾತು ತಮಿಳು, ಅದನ್ನೂ ಗಮನಿಸಿ. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದ ಬರಹಕ್ಕೆ.

ಆದರೆ ಕಾವ್ಯನಾಮ ನಿಮ್ಮನ್ನು ಮುಚ್ಚುತ್ತದೆ, ಮಾವನವರನ್ನು ಮುಚ್ಚುವುದಿಲ್ಲ. ಅದಕ್ಕೆ ಬೇರೆ ದಾರಿ. ಹೆಸರು ಬದಲಾಯಿಸಿದರೆ ಸಾಲದು. ಊರಿನವರು ಹೆಸರು ನೋಡಿ ಗುರುತು ಹಿಡಿಯುವುದಿಲ್ಲ, ಸಂಬಂಧ ಮತ್ತು ಅಭ್ಯಾಸ ನೋಡಿ ಹಿಡಿಯುತ್ತಾರೆ. ಸೋದರಮಾವನನ್ನು ಯಜಮಾನರ ಸ್ನೇಹಿತ ಮಾಡಿ. ಬೆಂಗಳೂರಿನ ಬದಲು ಹೊಸಕೋಟೆ ಮಾಡಿ. ಯುಗಾದಿಯ ಬದಲು ಊರ ಜಾತ್ರೆ ಮಾಡಿ. ಸೆಂಟು ಹಾಗೇ ಇರಲಿ, ಅದು ತೆಗೆದರೆ ಕತೆಯೇ ಹೋಯಿತು. ನಡೆದದ್ದು ಅಂತ ಹೇಳಿಕೊಂಡು ಇಷ್ಟೆಲ್ಲ ಬದಲಾಯಿಸುವ ಹಾಗಿಲ್ಲ. ಆಗ ಅದನ್ನು ಕತೆ ಅಂತಲೇ ಕಳಿಸಿ.

ಗೋಡೆಪತ್ರಿಕೆ

ನಾನು ಇಲ್ಲಿ ಬೇರೆ ಮಾತು ಹೇಳುತ್ತೇನೆ. ಸೋದರಮಾವನನ್ನು ಸ್ನೇಹಿತ ಮಾಡಬೇಡಿ. ಸ್ನೇಹಿತ ಊಟ ಬಿಟ್ಟು ಹೋದರೆ ಅತ್ತೆ ಯಾಕೆ ಮಾತು ಬಿಡುತ್ತಾರೆ? ಹೋದವರು ಅತ್ತೆಯ ಒಡಹುಟ್ಟಿದವರು. ತಮ್ಮನಿಗೆ ಅವಮಾನ ಆಯಿತು ಅಂತ ಕೋಪ, ಸೊಸೆ ಮಾಡಿದ್ದು ಸರಿ ಅಂತಲೂ ಗೊತ್ತು. ರಾತ್ರಿ ಮಂಡಿ ನೋವಿನಲ್ಲಿ ಬಂದು ಕಡ್ಡಿ ಎತ್ತಿಕೊಟ್ಟದ್ದು ಅದಕ್ಕೆ. ಆ ಸಂಬಂಧ ಮುಟ್ಟಿದರೆ ಕತೆಯ ಜೀವ ಹೋಗುತ್ತದೆ.

ಜಿಲ್ಲಾ ಪುಟ

ಮೇಷ್ಟ್ರು ಹೇಳಿದ್ದು ಸರಿ. ಹಾಗಾದರೆ ಊರು, ಹಬ್ಬ ಬದಲಾಯಿಸಿ. ಅತ್ತೆಗೆ ಮಾತ್ರ ಒಂದು ಸಲ ಓದಿ ಹೇಳಿ. ಅವರು ಬೇಡ ಅಂದರೆ ಬೇಡ.

ಬಂಗಾರಪೇಟೆ ಪ್ಯಾಸೆಂಜರ್

ಅತ್ತೆಗೆ ಓದಿ ಹೇಳುವುದು ಅಷ್ಟು ಸುಲಭ ಅಂದುಕೊಂಡಿರಾ ಸಾರ್? ನೀವು ಸೊಸೆಯಾಗಿ ನೋಡಬೇಕಿತ್ತು.

ಸೊಪ್ಪಿನ ಲೆಕ್ಕ

ಓದಿ ಹೇಳಿದೆ!

ಮೂರು ದಿನ ಕಾದು ಹೇಳಿದೆ. ಸಂಜೆ ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಮಾವನವರ ವಿಷಯ ಬಂದಾಗ ಕೈ ನಿಲ್ಲಿಸಿದರು. ಎಲ್ಲ ಕೇಳಿ ಆದ ಮೇಲೆ ಅಂದರು: "ಬ್ಲೀಚಿಂಗ್ ನೀರು ತಟ್ಟೇಲಿ ಇರ್ಲಿಲ್ಲ, ಹಳೇ ಟೈರ್ ಕತ್ತರಿಸಿದ್ದರಲ್ಲಿ ಇಟ್ಟಿದ್ದೆ ನೀನು. ಸರಿಯಾಗಿ ಬರಿ." ಬೇಡ ಅನ್ನಲಿಲ್ಲ.

ಮೊದಲ ಎರಡು ವಾಕ್ಯ ತೆಗೆದಿದ್ದೇನೆ. ಟೈರ್ ಹಾಕಿದ್ದೇನೆ. ಮಂಡಿ ನೋವು ಸೇರಿಸಿದ್ದೇನೆ. ಸಾಲದ ಸೊಪ್ಪಿನ ವಿಷಯವೂ ಬಂದಿದೆ. ಈಗ ಇದನ್ನು ಎಲ್ಲಿಗೆ ಕಳಿಸಬಹುದು? ಹೇಗೆ ಕಳಿಸುವುದು?

ಜಿಲ್ಲಾ ಪುಟ

ಅನುಭವ ಅಂತ ಕಳಿಸುವುದಾದರೆ ದಿನಪತ್ರಿಕೆಗಳ ಪುರವಣಿಗೆ. ಕತೆ ಅಂತ ಆದರೆ ಸುಧಾ, ಮಯೂರ, ತರಂಗ, ತುಷಾರ ಇವೆ. ಪ್ರಜಾವಾಣಿ ದೀಪಾವಳಿ ವಿಶೇಷಾಂಕಕ್ಕೆ ಕಥಾಸ್ಪರ್ಧೆಯೂ ನಡೆಸುತ್ತದೆ. ಆದರೆ ಮೊದಲ ಬರಹವನ್ನೇ ಸ್ಪರ್ಧೆಗೆ ಕಳಿಸಿ ಫಲಿತಾಂಶಕ್ಕೆ ಕಾಯುತ್ತಾ ಕೂರಬೇಡಿ ಅಂತ ನನ್ನ ಮಾತು.

ಕೆಲವು ಸಣ್ಣ ವಿಷಯ ಗಮನಿಸಿ. ನೀವು ಕಳಿಸುವ ಪತ್ರಿಕೆಯ ಎರಡು ಮೂರು ಸಂಚಿಕೆ ಓದಿ, ಅವರು ಎಷ್ಟು ಉದ್ದದ್ದು ಹಾಕುತ್ತಾರೆ ನೋಡಿಕೊಳ್ಳಿ. ಒಂದೇ ಬರಹ ಎರಡು ಕಡೆ ಒಟ್ಟಿಗೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಆಮೇಲೆ ನಿಮ್ಮ ಹೆಸರು ನೋಡಿದರೇ ಪಕ್ಕಕ್ಕಿಡುತ್ತಾರೆ. ಇಲ್ಲಿ ನೀವು ಹಾಕಿದ್ದು ಒಂದು ತುಣುಕು, ಪೂರ್ತಿ ಬರಹ ಹಾಕಬೇಡಿ. "ಬೇರೆಲ್ಲೂ ಪ್ರಕಟವಾಗಿಲ್ಲ" ಅಂತ ಬರೆದುಕೊಡಲು ಕೇಳುತ್ತಾರೆ. ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಆಗಿರುತ್ತದೆ, ಮೇಲ್ ಮಾಡಬಹುದು. ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಮಾಡಿಸಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಅಕ್ಷರ ಕಲಸುಮೇಲೋಗರ ಆಗಬಹುದು. ಪಿಡಿಎಫ್ ಕೂಡ ಜೊತೆಗೆ ಕೊಡಿ.

ಆಮೇಲೆ ಕಾಯುವುದು. ಹಿಂದೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಜೊತೆಗಿಟ್ಟರೆ ಬೇಡವಾದದ್ದನ್ನು ವಿಷಾದಪತ್ರದ ಜೊತೆ ವಾಪಸ್ ಕಳಿಸುತ್ತಿದ್ದರು. ಈಗ ಬಹಳಷ್ಟು ಸಲ ಏನೂ ಬರುವುದಿಲ್ಲ. ಉತ್ತರ ಬರಲಿಲ್ಲ ಅಂದರೆ ಬರಹ ಕೆಟ್ಟದ್ದು ಅಂತಲ್ಲ. ಅವರ ಮೇಲ್ ಪೆಟ್ಟಿಗೆ ತುಂಬಿರುತ್ತದೆ. ಕೆಲವು ತಿಂಗಳು ನೋಡಿ, ಒಂದು ಸಾಲು ಬರೆದು ತಿಳಿಸಿ, ಬೇರೆ ಕಡೆ ಕಳಿಸಿ.

ಅಂತರಗಂಗೆ

ಮುಂದೆ ಪುಸ್ತಕದಷ್ಟಾದರೆ ಕನ್ನಡ ಪುಸ್ತಕ ಪ್ರಾಧಿಕಾರದವರು ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತಾರೆ. ಅದು ಯುವ ಬರಹಗಾರರಿಗೆ, ವಯಸ್ಸಿನ ಮಿತಿ ಇದೆ. ಪ್ರಕಟಣೆ ಬಂದಾಗ ನೋಡಿಕೊಳ್ಳಿ.

ಮುಳಬಾಗಿಲು ದೋಸೆ

ಯುವ ಅಂದರೆ ಎಷ್ಟು ಸಾರ್? ನನಗೆ ಮೂವತ್ತೊಂದು. ಕೇಳಿದ್ದು ಸುಮ್ನೆ, ಬೇರೆ ಉದ್ದೇಶ ಇಲ್ಲ.

ಪಾವಗಡ ಬಿಸಿಲು

ಬೇರೆ ಉದ್ದೇಶ ಇಲ್ಲದವರು ವಯಸ್ಸು ಹೇಳುವುದಿಲ್ಲ. ಏನು ಬರೆಯುತ್ತಿದ್ದೀರಿ?

ಮುಳಬಾಗಿಲು ದೋಸೆ

ಏನಿಲ್ಲ. ನಮ್ಮ ತಂದೆ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಕಾವಲಿಗೆ ತುಪ್ಪ ಹಾಕುವ ಕೈ ಅಂತ ಅವರಿಗೆ ಹೆಸರು. ಈಗ ಮಧುಮೇಹ, ದೋಸೆಯೂ ಇಲ್ಲ, ತುಪ್ಪವೂ ಇಲ್ಲ. ಅದರ ಬಗ್ಗೆ ಒಂದಷ್ಟು ಬರೆದಿಟ್ಟಿದ್ದೇನೆ.

ಗೋಡೆಪತ್ರಿಕೆ

ಈಗ ಅವರು ಬೆಳಗ್ಗೆ ಏನು ತಿನ್ನುತ್ತಾರಪ್ಪಾ?

ಬಂಗಾರಪೇಟೆ ಪ್ಯಾಸೆಂಜರ್

ಹೋಟೆಲಿಗೆ ಈಗಲೂ ಹೋಗುತ್ತಾರಾ?

ಮುಳಬಾಗಿಲು ದೋಸೆ

ರಾಗಿ ಅಂಬಲಿ. ಹೋಗುತ್ತಾರೆ, ದಿನಾ. ಗಲ್ಲಾದ ಪಕ್ಕ ಕೂತು ಹೊಸ ಹುಡುಗನ ಕೈ ನೋಡುತ್ತಾರೆ. ಉರಿ ಜಾಸ್ತಿ ಆದರೆ ಅಲ್ಲಿಂದಲೇ ಕೆಮ್ಮುತ್ತಾರೆ. ಅವನು ಕಡಿಮೆ ಮಾಡುತ್ತಾನೆ. ಇದನ್ನು ಬರೆದಿರಲಿಲ್ಲ, ಈಗ ಸೇರಿಸಬೇಕು. ಬೇರೆ ಎಳೆ ತೆಗೆಯುತ್ತೇನೆ, ಅಕ್ಕನವರ ಎಳೆಯಲ್ಲಿ ನನ್ನದು ಬೇಡ.

ತಿಪಟೂರು ಕಾಯಿ

ಅಕ್ಕಾ, ಎಲ್ಲ ಕೇಳಿದರು, ಒಂದು ಮಾತ್ರ ಬಿಟ್ಟರು. ಆ ಸಲ ಗೂಡು ಎಷ್ಟಕ್ಕೆ ಹೋಯಿತು?

ಸೊಪ್ಪಿನ ಲೆಕ್ಕ

ಅದನ್ನು ಹೇಳುವುದಿಲ್ಲ, ಅದು ಕತೆಯ ಕೊನೆಗೆ ಬರುತ್ತದೆ. ಈಗ ಹರಾಜು ಮೊದಲಿನ ಹಾಗಲ್ಲ, ರೀಲರುಗಳು (ಗೂಡಿನಿಂದ ನೂಲು ತೆಗೆಯುವವರು) ಮೊಬೈಲಿನಲ್ಲೇ ಬಿಡ್ ಹಾಕುತ್ತಾರೆ. ಬೆಲೆ ಬಂದಾಗ ಮಾರುಕಟ್ಟೆಯಲ್ಲಿ ನನ್ನ ಪಕ್ಕ ಯಾರು ನಿಂತಿದ್ದರು ಅಂತ ಮಾತ್ರ ಹೇಳಬಲ್ಲೆ: ಮಾವನವರು. ಸೆಂಟು ಹಾಕಿರಲಿಲ್ಲ.

ಈ ಬೆಳೆಯ ಹುಳ ಹಣ್ಣಾಗುತ್ತಿವೆ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡಬೇಕು. ನಾಲ್ಕು ದಿನ ಈ ಕಡೆ ಬರಲು ಆಗುವುದಿಲ್ಲ. ಯಜಮಾನರು ಈ ಎಳೆ ಪೂರ್ತಿ ಓದಿದರು. ಈಗ ಅವರದು ಒಂದೇ ಕೇಳಿಕೆ, ಕತೆಯಲ್ಲಿ ಅವರು ಸೊಪ್ಪು ತರಲು ಹೋಗಿದ್ದು ಬೈಕಿನಲ್ಲಿ ಅಲ್ಲ, ಟೆಂಪೋದಲ್ಲಿ ಅಂತ ಬರೆಯಬೇಕಂತೆ.

ಜಿಲ್ಲಾ ಪುಟ

ಬೈಕೇ ಇರಲಿ. ಸಾಲ ಮಾಡಿದವರಿಗೆ ಟೆಂಪೋ ಎಲ್ಲಿಂದ ಬಂತು ಅಂತ ಓದುವವರು ಕೇಳುತ್ತಾರೆ.